ಬಾಗಿಲು ನಮ್ಮದು

ರೀ,

ರಾತ್ರಿ ಪಾಳಿ ಮುಗಿಸಿ ಮಲಗಿದ್ದೀರಿ, ಎಬ್ಬಿಸಲಿಲ್ಲ. ಮಧ್ಯಾಹ್ನ ಬಡಗಿ ಬರುತ್ತಾನೆ. ಫೋನಿನಿಂದ ತೆರೆಯುವ ಆ ಬೀಗ ಕಿತ್ತು, ಕೀಲಿಕೈ ಇರುವ ಬೀಗ ಹಾಕುತ್ತಾನೆ. ದಯವಿಟ್ಟು ಅಡ್ಡ ಬರಬೇಡಿ.

ನಿನ್ನೆ ನೀವು ಹಗಲು ಪಾಳಿಗೂ ನಿಂತಿದ್ದಾಗ ಅದು ಅಪ್‌ಡೇಟ್ ಆಗುತ್ತಾ ಕೂತಿತು, ಬಾಗಿಲು ತೆರೆಯಲೇ ಇಲ್ಲ. ಅತ್ತೆಯ ಮಾತ್ರೆ ಒಳಗೆ, ಅತ್ತೆ ಹೊರಗೆ. ನಾನು ಕೆಲಸ ಬಿಟ್ಟು ಓಡಿ ಬಂದು ಕಂಪನಿಗೆ ಫೋನ್ ಮಾಡಿದರೆ, "ಸ್ವಲ್ಪ ತಾಳ್ಮೆ ಇರ್ಲಿ ಮೇಡಂ" ಅಂದರು. ಸಂಜೆಗೆ ತಾನಾಗಿಯೇ ತೆರೆಯಿತು. ಅಷ್ಟು ಹೊತ್ತೂ ಅತ್ತೆ ಮೆಟ್ಟಿಲ ಮೇಲೆಯೇ.

"ನಮ್ಮನೆ ಒಳಗೆ ಹೋಗೋಕೆ ಅವ್ರ ಅಪ್ಪಣೆ ಯಾಕಮ್ಮಾ?" ಅಂತ ಕೇಳಿದರು. ಆಗಲೇ ಬಡಗಿಗೆ ಫೋನ್ ಮಾಡಿದೆ.

ನೀವು ಆಸೆಪಟ್ಟು ತಂದದ್ದು, ಗೊತ್ತು. ಸಿಟ್ಟು ಬಂದರೆ ಸಂಜೆ ನನ್ನ ಮೇಲೆ ತೀರಿಸಿಕೊಳ್ಳಿ, ಬಡಗಿಯನ್ನು ಮಾತ್ರ ವಾಪಸ್ ಕಳಿಸಬೇಡಿ.

ಮೊದಲ ಕೀಲಿಕೈ ಅತ್ತೆಗೆ. ನೀವೇ ಕೈಯಾರೆ ಕೊಡಿ.