‘ಮ್ಯಾನೇಜ್’ ಪದಕ್ಕೆ ಅರ್ಥ

ಜೂನ್ ೧೨, ಬುಧವಾರ

ನಿಘಂಟಿಗೆ ‘ಮ್ಯಾನೇಜ್’ ಪದದ ಅರ್ಥ ಬರೆಯುವುದು ಇವತ್ತೂ ಮುಗಿಯಲಿಲ್ಲ. ಮೂಲವೇನೋ ಸಿಕ್ಕಿತು: ಇಟಲಿಯವರು ಕುದುರೆ ಪಳಗಿಸುವಾಗ ಆಡುತ್ತಿದ್ದ ಮಾತಂತೆ, ಅದರ ಹಿಂದೆ ‘ಕೈ’ ಎಂಬ ಅರ್ಥದ ಲ್ಯಾಟಿನ್ ಪದ. ಲಗಾಮು ಕೈಯಲ್ಲಿರಬೇಕು. ಸರಿ, ಆದರೆ ನಮ್ಮ ಬಾಯಲ್ಲಿ?

ಯಾರಾದರೂ ನಿಜವಾಗಿ ಆಡಿದ ಮಾತನ್ನೇ ಉದಾಹರಣೆಯಾಗಿ ಕೊಡಬೇಕೆಂಬುದು ನಮ್ಮ ಕಚೇರಿಯ ನಿಯಮ. ಮೊನ್ನೆ ಮೊನ್ನೆ ಹೆರಿಗೆಯಾದ ತಂಗಿ ಫೋನಿನಲ್ಲಿ ಅಂದದ್ದನ್ನೇ ಬರೆದುಕೊಟ್ಟೆ: “ಮಗು ರಾತ್ರಿಯೆಲ್ಲ ಅಳತ್ತೆ, ಹೇಗೋ ಮ್ಯಾನೇಜ್ ಮಾಡ್ತಿದೀನಿ ಅಕ್ಕ.” ಅರ್ಥ: ನಿಭಾಯಿಸು.

ಸಂಪಾದಕರು ಕನ್ನಡಕ ತೆಗೆದರು. “ನಿಭಾಯಿಸ್ತಿದಾಳೆ ಅಂತ ನಿಮಗೆ ಹೇಗೆ ಗೊತ್ತಮ್ಮ? ನನಗೇನೋ ‘ಆಗ್ತಿಲ್ಲ’ ಅಂದ ಹಾಗೆ ಕೇಳ್ಸತ್ತೆ.”

ಪದದ ಬೆನ್ನು ಹತ್ತಿ ತಂಗಿಯ ದನಿಯನ್ನೇ ಕೇಳಿಸಿಕೊಳ್ಳಲಿಲ್ಲವೇ ನಾನು? ಅಥವಾ ಎಲ್ಲದರಲ್ಲೂ ಕೊಂಕು ತೆಗೆಯುವುದು ಈ ಮಹಾರಾಯರ ಚಾಳಿಯೋ? ತಲೆ ಕೆಟ್ಟು ಹೋಗಿದೆ.

ಮನೆಗೆ ಬಂದವಳೇ ಫೋನ್ ಮಾಡಿದೆ. “ನಿಜ ಹೇಳೇ, ಹೇಗಿದೀಯ?”

ಆಚೆ ಮಗು ಅಳುತ್ತಿತ್ತು.

“ಅಕ್ಕ, ಬರ್ತೀಯಾ?”

ಬೆಳಗಿನ ಮೊದಲ ಬಸ್ಸಿಗೆ ಹೊರಡಬೇಕು. ‘ನಿಭಾಯಿಸು’ ಹೊಡೆದುಹಾಕಿದ್ದೇನೆ. ಆ ಜಾಗದಲ್ಲಿ ಏನು ಬರೆಯುವುದೋ, ಅವಳ ಮುಖ ನೋಡಿದ ಮೇಲೆ ಗೊತ್ತಾದೀತು.