ಹದಿನಾಲ್ಕನೇ ಪುಟದ ಒಂದು ಓಟು

ಲಕ್ಷಾಂತರ ಮತಗಳನ್ನು ಎಣಿಸಿ, ಒಂದೇ ಒಂದು ಮತದ ಮರ್ಯಾದೆ ತೆಗೆದ ಮಾನ್ಯ ಚುನಾವಣಾಧಿಕಾರಿಗಳೇ,

ನಿಮ್ಮ ಕಚೇರಿ ಹೊರತಂದಿರುವ ‘ನಮ್ಮ ವಿಧಾನಸಭಾ ಕ್ಷೇತ್ರ: ಚುನಾವಣೆಗಳು ನಡೆದುಬಂದ ದಾರಿ’ ಎಂಬ ಪುಸ್ತಿಕೆಯ ಹದಿನಾಲ್ಕನೇ ಪುಟದಲ್ಲಿ, ನೀಲಿ ಚೌಕಟ್ಟಿನೊಳಗೆ, ‘ನಿಮಗಿದು ಗೊತ್ತೇ?’ ಎಂಬ ತಲೆಬರಹದ ಕೆಳಗೆ ಹೀಗೆ ಅಚ್ಚಾಗಿದೆ: ‘ಕ್ಷೇತ್ರದ ಆರನೇ ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರು ಕೇವಲ ಒಂದು ಮತದಿಂದ ಸೋತರು. ಅವರ ಸ್ವಂತ ಪತ್ನಿಯೇ ಅವರಿಗೆ ಮತ ಹಾಕಿರಲಿಲ್ಲ! ಪ್ರತಿ ಮತವೂ ಅಮೂಲ್ಯ.’ ಆ ಅಭ್ಯರ್ಥಿ ನನ್ನ ಅಪ್ಪ. ಆ ಪತ್ನಿ ನನ್ನ ಅಮ್ಮ. ಆ ಆಶ್ಚರ್ಯಸೂಚಕ ಚಿಹ್ನೆ ಯಾರದೆಂದು ತಿಳಿದುಕೊಳ್ಳಲು ಈ ಪತ್ರ.

ಗುಪ್ತ ಮತದಾನ ಎಂಬುದೊಂದಿದೆ ಎಂದು ನಿಮ್ಮದೇ ಪುಸ್ತಿಕೆಯ ಮೂರನೇ ಪುಟ ಹೇಳುತ್ತದೆ. ಮತ ಹಾಕುವವರನ್ನು ಬಿಟ್ಟು ಬೇರೆ ಯಾರೂ ಅಲ್ಲಿ ಇಣುಕುವಂತಿಲ್ಲವಂತೆ. ಹಾಗಿದ್ದಮೇಲೆ, ನಲವತ್ತು ವರ್ಷದ ಹಿಂದೆ ನನ್ನ ಅಮ್ಮ ಆ ರಟ್ಟಿನ ಮರೆಯಲ್ಲಿ ಯಾವ ಗುರುತಿನ ಮುಂದೆ ಮುದ್ರೆ ಒತ್ತಿದಳೆಂಬುದು ಹನ್ನೊಂದು ಪುಟ ದಾಟುವಷ್ಟರಲ್ಲಿ ನಿಮಗೆ ಹೇಗೆ ತಿಳಿಯಿತು? ಕನಸು ಬಿತ್ತೇ? ಅಥವಾ ನಿಮ್ಮ ಸಂಶೋಧಕರು ಬಸ್ ನಿಲ್ದಾಣದ ಎದುರಿನ ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತು ಕ್ಷೇತ್ರದ ಇತಿಹಾಸ ಬರೆದುಕೊಂಡರೇ? ಬರೆದುಕೊಂಡಿದ್ದರೆ ನನಗೇನೂ ಆಶ್ಚರ್ಯವಿಲ್ಲ. ಅಲ್ಲಿ ಗಡ್ಡ ಬೋಳಿಸಿಕೊಂಡ ಪ್ರತಿಯೊಬ್ಬರಿಗೂ ಈ ಕಥೆ ಬಾಯಿಪಾಠ. ನನ್ನ ಅಮ್ಮನಿಗೆ ‘ಒಂದೋಟಮ್ಮ’ ಎಂದು ನಾಮಕರಣ ಮಾಡಿದ ಪುಣ್ಯಾತ್ಮರೂ ಅಲ್ಲಿಯವರೇ.

ಪುಸ್ತಿಕೆಯ ಉಳಿದ ಪುಟಗಳಲ್ಲಿ ನಿಮಗೆ ಇಷ್ಟು ಕುತೂಹಲ ಇದ್ದಂತೆ ಕಾಣುವುದಿಲ್ಲ. ಮೊದಲ ಚುನಾವಣೆಯಲ್ಲಿ ಗೆದ್ದವರು ಪ್ರಮಾಣವಚನಕ್ಕೆಂದು ರಾಜಧಾನಿಗೆ ಹೋಗಿ, ಎರಡನೇ ಚುನಾವಣೆಗೆ ನಾಮಪತ್ರ ಸಲ್ಲಿಸಲು ವಾಪಸು ಬಂದರು. ಅದನ್ನು ನೀವು ‘ಸಕ್ರಿಯ ಅವಧಿ’ ಎಂದಿದ್ದೀರಿ. ಎರಡನೆಯದರಲ್ಲಿ ಒಂದೇ ಹೆಸರಿನ ನಾಲ್ವರು ನಿಂತಿದ್ದರು. ಅವರಲ್ಲಿ ಗೆದ್ದವರು ಯಾರೆಂದು ತೀರ್ಮಾನವಾಗುವ ಹೊತ್ತಿಗೆ ಅರ್ಧ ಅವಧಿ ಮುಗಿದಿತ್ತು. ನಾಲ್ಕನೇ ಚುನಾವಣೆಯಲ್ಲಿ ಶೇಕಡಾ ನೂರಾಮೂರು ಮತದಾನವಾಯಿತೆಂದು ನಿಮ್ಮ ಕೋಷ್ಟಕ ಎದೆಯುಬ್ಬಿಸಿ ಹೇಳುತ್ತದೆ. ಆ ಹೆಚ್ಚುವರಿ ಶೇಕಡಾ ಮೂರು ಯಾರು ಸ್ವಾಮಿ? ಎಲ್ಲಿಂದ ಬಂದರು? ಅವರ ಹೆಂಡತಿಯರು ಯಾರಿಗೆ ಹಾಕಿದರು? ಅದಕ್ಕೆ ನೀಲಿ ಚೌಕಟ್ಟಿಲ್ಲ.

ನಡೆದದ್ದನ್ನು ಕೇಳಿ. ಅಪ್ಪ ಗಡಿಯಾರ ರಿಪೇರಿಯವನು. ಅದೇ ಅಂಗಡಿಯಲ್ಲಿ ಈಗ ನಾನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತೇನೆ. ಆ ಕಾಲದಲ್ಲಿ ಊರ ನಡುವಿನ ಗೋಪುರದ ಗಡಿಯಾರ ಆರು ವರ್ಷದಿಂದ ನಾಲ್ಕೂ ಇಪ್ಪತ್ತಕ್ಕೆ ನಿಂತುಬಿಟ್ಟಿತ್ತು. ಅದನ್ನು ಸರಿಮಾಡಲು ಅನುಮತಿ ಕೇಳಿ ಕೇಳಿ ಚಪ್ಪಲಿ ಸವೆಸಿದ ಅಪ್ಪ, ಶಾಸಕನಾದರೆ ಗೋಪುರ ಹತ್ತಲು ಯಾರ ಅಪ್ಪಣೆಯೂ ಬೇಕಿಲ್ಲ ಎಂಬ ಒಂದೇ ಕಾರಣಕ್ಕೆ ಚುನಾವಣೆಗೆ ನಿಂತ. ಅವನ ಗುರುತು ಏಣಿ. ಎದುರಾಳಿ ನಮ್ಮ ಬೀದಿಯದೇ ಹಲ್ಲಿನ ಡಾಕ್ಟರು, ಅವರದು ಛತ್ರಿ. ಮೂರು ಸಲ ಎಣಿಸಿದರು. ಮೂರು ಸಲವೂ ಛತ್ರಿಗೆ ಹದಿನೆಂಟು ಸಾವಿರದ ನಾನೂರ ಹನ್ನೆರಡು, ಏಣಿಗೆ ಹದಿನೆಂಟು ಸಾವಿರದ ನಾನೂರ ಹನ್ನೊಂದು.

ಮರುದಿನ ಬೆಳಿಗ್ಗೆಯೇ ಸೋದರತ್ತೆ ನಮ್ಮ ಮನೆಯ ಜಗಲಿಯಲ್ಲಿ ವಿಚಾರಣೆ ಶುರುಮಾಡಿದಳು. ಅಜ್ಜಿ, ಚಿಕ್ಕಪ್ಪಂದಿರು, ಅವರ ಹೆಂಡತಿಯರು, ಎಲ್ಲರೂ ಒಬ್ಬೊಬ್ಬರಾಗಿ ಏಣಿಗೇ ಹಾಕಿದ್ದಾಗಿ ಆಣೆ ಇಟ್ಟರು. ಕೊನೆಗೆ ಅಮ್ಮನ ಸರದಿ.

“ಅತ್ತಿಗೇ, ನೀನೂ ಒಂದು ಮಾತು ಹೇಳ್ಬಿಡು. ಏಣಿಗೇ ತಾನೇ?”

“ಹೇಳ್ಬಾರ್ದು. ಗುಪ್ತ,” ಎಂದಳು ಅಮ್ಮ.

ಅಷ್ಟೇ. ಕಥೆ ಮಧ್ಯಾಹ್ನದೊಳಗೆ ಕ್ಷೌರದಂಗಡಿ ಸೇರಿತು. ಅಮ್ಮ ಹಾಗೆ ಹೇಳಿದ್ದೇಕೆ ಗೊತ್ತೇ? ಮತಗಟ್ಟೆಯಲ್ಲಿ ಅವಳ ಬೆರಳಿಗೆ ಶಾಯಿ ಹಚ್ಚುತ್ತಾ ನಿಮ್ಮ ಕಚೇರಿಯವರೊಬ್ಬರು, “ಅಭ್ಯರ್ಥಿ ಮನೆಯವ್ರು ಅಂತ ವಿಶೇಷವಾಗಿ ಹೇಳ್ತಿದ್ದೀನಮ್ಮ, ಯಾರಿಗೆ ಹಾಕಿದ್ರಿ ಅಂತ ಸಾಯೋವರೆಗೂ ಬಾಯಿ ಬಿಡಬಾರ್ದು” ಎಂದಿದ್ದರಂತೆ. ಹೇಳಿದವರು ಸಂಜೆಗೆ ಮರೆತಿರಬೇಕು. ಅಮ್ಮ ಮರೆಯಲಿಲ್ಲ. ಮತದಾರರು ತಾವಾಗಿ ಹೇಳಬಾರದೆಂಬ ನಿಯಮ ಎಲ್ಲೂ ಇಲ್ಲ ಎಂದು ವಕೀಲರೊಬ್ಬರು ಮನೆಗೇ ಬಂದು ವಿವರಿಸಿದರು. “ಅವರು ಆಫೀಸಿನವರು, ನೀವು ಹೊರಗಿನವರು,” ಎಂದು ಅಮ್ಮ ಅವರಿಗೆ ಕಾಫಿ ಕೊಟ್ಟು ಕಳಿಸಿದಳು.

ಈಗ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನನಗೂ ಅನುಮಾನವಿತ್ತು. ಇಪ್ಪತ್ತರ ವಯಸ್ಸಿನಲ್ಲಿ, ಬಟ್ಟೆ ಒಣಹಾಕುತ್ತಿದ್ದವಳ ಎದುರು ನಿಂತು, “ಅಪ್ಪನ ಮೇಲೆ ಅಷ್ಟೊಂದು ಸಿಟ್ಟಿತ್ತೇನಮ್ಮಾ?” ಎಂದು ಕೇಳಿದ್ದೆ. ಅವಳು ಒಂದು ದಿಂಬಿನ ಚೀಲವನ್ನು ಬಹಳ ಹೊತ್ತು ಕೊಡವಿದಳು. ಅದನ್ನು ನಾನು ತಪ್ಪೊಪ್ಪಿಗೆ ಎಂದುಕೊಂಡೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹೋದ ತಿಂಗಳು ನಿಮ್ಮ ಲಕೋಟೆ ಬಂತು. ಎಂಬತ್ತು ತುಂಬಿದ ಮತದಾರರಿಗೆ ಸನ್ಮಾನವಂತೆ, ಅಮ್ಮ ತಪ್ಪದೆ ಬರಬೇಕಂತೆ, ನೆನಪಿನ ಕಾಣಿಕೆಯಾಗಿ ಜೊತೆಯಲ್ಲಿ ಪುಸ್ತಿಕೆ! ಶಾಲು ಹೊದಿಸುವ ಮೊದಲೇ ಹೊಡೆತ ಕೊಡುವ ಈ ಪದ್ಧತಿ ನಿಮ್ಮ ಇಲಾಖೆಯಲ್ಲಿ ಯಾವಾಗಿನಿಂದ ಇದೆ? ಮುಂದೇನಿದೆ ಎಂದು ತಿಳಿಯದ ನಾನು ಊಟದ ಮೇಜಿನ ಬಳಿ ಗಟ್ಟಿಯಾಗಿ ಓದಿಬಿಟ್ಟೆ. ಹದಿನಾಲ್ಕನೇ ಪುಟ ಮುಗಿದಾಗ ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಅಂದಿನಿಂದ ಇಂದಿನವರೆಗೆ ಒಂದು ಚುನಾವಣೆಯನ್ನೂ ಬಿಡದವಳು, “ಈ ಸಲ ನಾನು ಓಟಿಗೆ ಬರಲ್ಲ,” ಎಂದಳು.

ಆಗ, ಮಾನ್ಯರೇ, ಎಂಬತ್ತನಾಲ್ಕು ವರ್ಷದ ನನ್ನ ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದ: “ನನಗೆ ಓಟು ಹಾಕದೇ ಇದ್ದೋನು ನಾನೇ ಕಣೇ.”

ನನಗೆ ತಲೆಬುಡ ಅರ್ಥವಾಗಲಿಲ್ಲ. ಅಪ್ಪನೇ ಬಿಡಿಸಿ ಹೇಳಿದ. “ನಮಗೆ ನಾವೇ ಓಟು ಹಾಕ್ಕೊಳ್ಳೋದು ಚೆನ್ನಾಗಿರುತ್ತಾ? ನಾಲ್ಕು ಜನರ ಜೊತೆ ಊಟಕ್ಕೆ ಕೂತು, ಮೊದಲು ನಮ್ಮ ತಟ್ಟೆಗೇ ಬಡಿಸ್ಕೊಂಡ ಹಾಗೆ. ಮರ್ಯಾದೆಗೆ ಅಂತ ಡಾಕ್ಟರಿಗೆ ಹಾಕಿದೆ. ಅವ್ರೂ ನನಗೇ ಹಾಕಿರ್ತಾರೆ ಅಂದ್ಕೊಂಡಿದ್ದೆ.”

“ಕೇಳಲಿಲ್ವಾ ಅವರನ್ನ?” ಎಂದೆ.

“ಕೇಳಿದೆ. ಹಲ್ಲು ಕೀಳಿಸ್ಕೊಳ್ಳೋವಾಗ. ಬಾಯಿ ತುಂಬ ಹತ್ತಿ ತುರುಕಿದ್ರು, ಅವರಿಗೆ ಗೊತ್ತಾಗ್ಲಿಲ್ಲ.”

ಲೆಕ್ಕ ಹಾಕಿ ನೋಡಿ. ಆ ಒಂದು ಮತ ಅತ್ತಿಂದ ಇತ್ತ ಬಂದಿದ್ದರೆ ಅಪ್ಪ ಒಂದು ಮತದಿಂದ ಗೆಲ್ಲುತ್ತಿದ್ದ. ಇಷ್ಟು ವರ್ಷ ಊರೆಲ್ಲ ಅಮ್ಮನತ್ತ ಬೆರಳು ತೋರಿಸುತ್ತಿದ್ದಾಗ, ತನ್ನ ದಡ್ಡತನ ಹೊರಬಿದ್ದೀತೆಂದು ಈ ಮಹಾನುಭಾವ ಗಡಿಯಾರದೊಳಗೆ ಮುಖ ಹುದುಗಿಸಿ ಕೂತಿದ್ದ. ನಾನು ಮೂರು ದಿನ ಅಪ್ಪನ ಜೊತೆ ಮಾತು ಬಿಟ್ಟೆ. ಆ ಹೊತ್ತಿನಲ್ಲಿ ಅಮ್ಮ ಮಾತ್ರ ಬೈಯಲೂ ಇಲ್ಲ, ಅಳಲೂ ಇಲ್ಲ. ಅವನನ್ನೇ ನೋಡುತ್ತಾ ಹೇಳಿದಳು:

“ನನಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತೇನ್ರೀ? ಆ ಉರಿಬಿಸಿಲಲ್ಲಿ ಮೂರು ಗಂಟೆ ಸಾಲಲ್ಲಿ ನಿಂತು, ಇಷ್ಟುದ್ದದ ಕಾಗದದಲ್ಲಿ ನಿಮ್ಮ ಏಣಿ ಎಲ್ಲಿದೆ ಅಂತ ಹುಡುಕಿ ಹುಡುಕಿ, ನಾನು...”

ಅಲ್ಲಿಗೆ ತಟ್ಟನೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಾನು ಎದ್ದು ಹೋಗಿ ಅವಳ ಇನ್ನೊಂದು ಕೈ ಹಿಡಿದುಕೊಂಡು, “ತಪ್ಪಾಯ್ತಮ್ಮ,” ಎಂದೆ.

“ಯಾಕೆ? ನಾನೇನೂ ಹೇಳಿಲ್ವಲ್ಲ,” ಎಂದಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ನೀಲಿ ಚೌಕಟ್ಟನ್ನು ಕಿತ್ತುಹಾಕಿ, ಅಭ್ಯರ್ಥಿಗೆ ಮತ ಹಾಕದಿದ್ದವನು ಅಭ್ಯರ್ಥಿಯೇ ಎಂದು ಅಚ್ಚು ಮಾಡಿ. ಅಪ್ಪನ ಒಪ್ಪಿಗೆಯಿದೆ, ಆಶ್ಚರ್ಯಸೂಚಕ ಚಿಹ್ನೆ ಮಾತ್ರ ಬೇಡವಂತೆ. ನಾನು ಎರಡು ಹಾಕಿ ಎನ್ನುತ್ತೇನೆ. ಜೊತೆಗೆ, ನಿಮ್ಮ ಸಹಿ ಮತ್ತು ದುಂಡು ಮೊಹರಿನೊಂದಿಗೆ ಅಮ್ಮನ ಹೆಸರಿಗೆ ಒಂದು ಅಪ್ಪಣೆ ಪತ್ರ ಕಳಿಸಿ: ಆಕೆ ಆ ಮಾತನ್ನು ಪೂರ್ತಿ ಮಾಡಬಹುದು ಎಂದು. ಬೇರೆ ಯಾರು ಹೇಳಿದರೂ ಅವಳು ಒಪ್ಪುವುದಿಲ್ಲ. ಬಾಯಿ ಕಟ್ಟಿದ್ದು ನಿಮ್ಮ ಕಚೇರಿ, ಬಿಚ್ಚಬೇಕಾದ್ದೂ ನಿಮ್ಮ ಕಚೇರಿಯೇ. ‘ಪರಿಶೀಲನೆಯಲ್ಲಿದೆ’ ಎಂದು ಮಾತ್ರ ಬರೆಯಬೇಡಿ. ಅಮ್ಮನಿಗೆ ಎಂಬತ್ತಾಗಿದೆ, ಕೇಳಿಸಿಕೊಳ್ಳಬೇಕಾದವನಿಗೆ ಎಂಬತ್ತನಾಲ್ಕು, ಅದೂ ಕೇಳಿಸುವುದು ಒಂದೇ ಕಿವಿಯಲ್ಲಿ.

ಇಂತಿ,
ಸ್ವಂತ ಅಮ್ಮನನ್ನು ನಂಬಲು ನಲವತ್ತು ವರ್ಷ ತಡಮಾಡಿದ
ಗಡಿಯಾರ ರಿಪೇರಿಯವಳು