ತೊಂಬತ್ತೆಂಟರಲ್ಲಿ ಕುದಿದ ನೀರು

ಹಿರೇಜಾಲಹಾಳ, ಡೋಣಿ ಹೊಳೆಯ ದಂಡೆ
ಕ್ರಿಸ್ತಶಕ ಎರಡು ಸಾವಿರದ ಮುನ್ನೂರ ಎಂಬತ್ತಾರು, ಹದಿಮೂರನೆಯ ತಿಂಗಳ ಮೂರನೆಯ ದಿನ

ಆರು, ಏಳು, ಎಂಟನೆಯ ತರಗತಿಗಳ ಮಕ್ಕಳಿಗೆ ಭೌತವಿಜ್ಞಾನವನ್ನು ಕಲಿಸುತ್ತಿರುವ, ನನಗಿಂತ ಮುನ್ನೂರ ಅರವತ್ತು ವರ್ಷ ಹಿರಿಯರಾದ ಉಪಾಧ್ಯಾಯ ಬಂಧುಗಳಿಗೆ ವಂದನೆಗಳು.

ಹದಿಮೂರನೆಯ ತಿಂಗಳನ್ನು ಕಂಡು ಇದು ಕೈತಪ್ಪೆಂದು ಭಾವಿಸಬೇಡಿ. ನಮ್ಮ ವರ್ಷದಲ್ಲಿ ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳುಗಳಿವೆ. ಮಿಗುವ ಒಂದು ದಿನ ಯಾವ ತಿಂಗಳಿಗೂ ಸೇರದು. ಅಂದು ಯಾರೂ ಯಾವ ಕೆಲಸವನ್ನೂ ಮಾಡುವುದಿಲ್ಲ. ನನ್ನ ಮಾತುಗಳಲ್ಲಿಯೂ ಕೆಲವು ನಿಮಗೆ ವಿಚಿತ್ರವಾಗಿ ತೋರಬಹುದು. ನಿಮ್ಮ ಕಾಲದ ಕನ್ನಡವನ್ನು ಗ್ರಂಥಾಲಯದಲ್ಲಿ ಕುಳಿತು ಶ್ರದ್ಧೆಯಿಂದ ಕಲಿತಿದ್ದೇನೆ. ಆದರೆ ನಿಮ್ಮಲ್ಲಿಲ್ಲದ ವಸ್ತುಗಳಿಗೆ ನಿಮ್ಮಲ್ಲಿ ಪದಗಳೂ ಇಲ್ಲ. ಅಂತಹ ಕಡೆಗಳಲ್ಲಿ ಮನ್ನಿಸಬೇಕು. ಈ ಕಾಗದವನ್ನು ಹೊತ್ತು ತರುವ ಹಿನ್ನಡೆಯಂಚೆಯೂ ಅಂಥದ್ದೇ ಒಂದು ವಸ್ತು. ಅದು ಕಾಲಕ್ಕೆ ಎದುರಾಗಿ ಈಜುತ್ತದೆ. ನಮ್ಮ ನಾಡಿನಲ್ಲಿ ಪ್ರತಿಯೊಬ್ಬ ಉಪಾಧ್ಯಾಯರಿಗೂ ಜೀವಮಾನದಲ್ಲಿ ಒಂದೇ ಒಂದು ಪತ್ರವನ್ನು ಅದರ ಮೂಲಕ ಕಳುಹಿಸುವ ಅವಕಾಶವಿದೆ. ಬಹುಮಂದಿ ಅದನ್ನು ತಮ್ಮ ಪೂರ್ವಜರಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ಕಳೆದ ತಿಂಗಳು ನಡೆದುದನ್ನು ಒಲೆಯ ಮುಂದೆ ಮಕ್ಕಳನ್ನು ಕೂರಿಸಿಕೊಂಡವರಿಗೆ ಹೇಳದೆ ಮತ್ತಾರಿಗೆ ಹೇಳಲಿ?

ನಮ್ಮ ಶಾಲೆಗಳ ಪ್ರತಿ ಕೋಣೆಯಲ್ಲಿಯೂ ಒಂದು ಅರುಹುಗೋಡೆ ಇರುತ್ತದೆ. ಮಗು ಏನನ್ನು ಕೇಳಿದರೂ ಅದು ಉತ್ತರಿಸುತ್ತದೆ. ಪ್ರಯೋಗವನ್ನು ಕಣ್ಣೆದುರಿಗೇ ನಡೆಸಿ ತೋರಿಸುತ್ತದೆ. ಅದರೊಳಗಿನ ಲೋಲಕವು ಎಂದೂ ತಡವರಿಸುವುದಿಲ್ಲ, ಅದರೊಳಗಿನ ಪಾತ್ರೆಯು ಎಂದೂ ಸೋರುವುದಿಲ್ಲ. ಇದರ ಪಕ್ಕದಲ್ಲಿ, ಹಳೆಯ ಪದ್ಧತಿಯ ಕೊನೆಯ ತುಣುಕಾಗಿ, ವಾರಕ್ಕೆ ಒಂದು ಗಂಟೆಯ ಕೈಪಾಠ ಉಳಿದುಕೊಂಡಿದೆ. ಅಂದು ಮಕ್ಕಳು ಗೋಡೆಗೆ ಪರದೆ ಎಳೆದು ಅಂಗಳಕ್ಕೆ ಬರುತ್ತಾರೆ. ಮನೆಯಿಂದ ತಂದ ತಂಬಿಗೆ, ಸೌಟು, ಹುರಿ, ಮುರಿದ ತಕ್ಕಡಿ ಇವೇ ನಮ್ಮ ಉಪಕರಣಗಳು. ಬಿಸಿಲೊಲೆಯ ಬಟ್ಟಲನ್ನು ಸೂರ್ಯನಿಗೆ ತಿರುಗಿಸಿ ನೀರು ಕಾಯಿಸುತ್ತೇವೆ. ನೀವು ತಾಪಮಾಪಕವೆನ್ನುವುದನ್ನು ನಮ್ಮ ಮಕ್ಕಳು ಕಾವುಗಡ್ಡಿ ಎನ್ನುತ್ತಾರೆ. ಅದನ್ನು ಅಂಕೋಲೆಯ ಕಡಲ ದಂಡೆಯಲ್ಲಿ ದೇವಕಿ ಹರಿಕಂತ್ರ ಎಂಬ ಗಾಜುಗಾರ್ತಿ ಊದಿ ಮಾಡಿಕೊಡುತ್ತಾರೆ. ಕಂಡುದನ್ನು ಬರೆಯಲು ಪ್ರತಿ ಮಗುವಿಗೂ ಒಂದು ಹೊತ್ತಗೆ ಇದೆ. ಅವನ್ನು ತಿದ್ದುವುದು ನನ್ನ ಕೆಲಸ. ಮೂವತ್ತೊಂದು ವರ್ಷ ಆ ಕೆಲಸವನ್ನು ಕೆಂಪು ಶಾಯಿಯಲ್ಲಿ, ಒಂದು ಅಕ್ಷರವೂ ತಪ್ಪಿಹೋಗದಂತೆ ಮಾಡಿದ್ದೇನೆ.

ಕಳೆದ ತಿಂಗಳು ಶಿಕ್ಷಣ ಸಭೆಯ ಪರಿವೀಕ್ಷಕರಾದ ಇಂದುಧರರು ನಮ್ಮಲ್ಲಿಗೆ ಬಂದರು. ಕೈಪಾಠವನ್ನು ಉಳಿಸಬೇಕೋ ಅಳಿಸಬೇಕೋ ಎಂಬುದನ್ನು ತೀರ್ಮಾನಿಸಲು ಬಂದಿದ್ದರು. ಅವರು ಕಠಿಣರಲ್ಲ, ಆದರೆ ನೇರವಾದವರು. ಕೈಪಾಠವು ಗೋಡೆಗಿಂತ ಹೆಚ್ಚಿನದೇನನ್ನಾದರೂ ಕಲಿಸುತ್ತದೆಯೆಂದು ತೋರಿಸಿದರೆ ಆ ಗಂಟೆ ಉಳಿಯುತ್ತದೆ, ಇಲ್ಲವಾದರೆ ಅದೂ ಗೋಡೆಗೇ ಸೇರುತ್ತದೆ ಎಂದರು. ನಾನು ಧೈರ್ಯವಾಗಿದ್ದೆ. ನನ್ನ ಮಕ್ಕಳ ಮೂವತ್ತಮೂರು ಹೊತ್ತಗೆಗಳು ಅಚ್ಚುಕಟ್ಟಾಗಿದ್ದವು. ಅವನ್ನು ಹೆಮ್ಮೆಯಿಂದ ಮೇಜಿನ ಮೇಲೆ ಇರಿಸಿದೆ.

ಇಂದುಧರರು ಒಂದೊಂದನ್ನೇ ತೆರೆದರು. ನೀರು ಯಾವ ಬಿಸಿಯಲ್ಲಿ ಕುದಿಯುತ್ತದೆ ಎಂಬ ಪಾಠದಲ್ಲಿ ನೂರು, ನೂರು, ನೂರು. ಹತ್ತು ಹೊತ್ತಗೆಗಳಾದ ಮೇಲೆ ಅವರು ಪರದೆ ಸರಿಸಿ ಗೋಡೆಯನ್ನು ಕೇಳಿದರು. ಗೋಡೆಯೂ ನೂರು ಎಂದಿತು.

“ಮತ್ತ ಒಲಿ ಯಾಕ ಹೂಡತೀರಿ, ಗುರುಗಳ?” ಎಂದು ಅವರು ಮೆಲ್ಲಗೆ ಕೇಳಿದರು. “ಗ್ವಾಡಿ ಹೇಳಿದ್ದನ್ನ ಬರದ್ರ ಬಿಸಿಲಾಗ ಕುಂದ್ರೂದಾದ್ರೂ ತಪ್ಪತಿತ್ತಲ್ಲ ಹುಡುಗರಿಗೆ?”

ಯಾವ ಅಚ್ಚುಕಟ್ಟನ್ನು ನಂಬಿದ್ದೆನೋ ಅದೇ ನಮ್ಮ ವಿರುದ್ಧ ಸಾಕ್ಷಿ ನುಡಿಯುತ್ತಿತ್ತು. ಅಷ್ಟರಲ್ಲಿ ಅವರ ಕೈಗೆ ದಾನಮ್ಮನ ಹೊತ್ತಗೆ ಬಂದಿತು. ಆಕೆ ಏಳನೆಯ ತರಗತಿಯ ಹನ್ನೆರಡು ವರ್ಷದ ಹುಡುಗಿ, ಮಾತು ಕಡಿಮೆ. ಅವಳು ಬರೆದದ್ದು ತೊಂಬತ್ತೆಂಟು. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ನೂರೆಂದು ಬರೆದವನು ನಾನು.

“ಇದೇನವಾ?” ಎಂದರು ಇಂದುಧರರು.

ದಾನಮ್ಮ ನನ್ನತ್ತ ನೋಡಿದಳು. ಅವಳ ಪಕ್ಕದ ಮೈಬೂಬನ ಬಾಯಿಗೆ ಬೀಗವಿಲ್ಲ. “ಸರ, ಗಡ್ಡಿ ಎಲ್ಲಾರಿಗೂ ತೊಂಬತ್ತೆಂಟೇ ತೋರಸ್ತೈತ್ರಿ! ನಾವು ಶಾಣ್ಯಾರು, ನೂರು ಬರಿತೀವಿ. ಈ ದಾನಿ ಒಬ್ಬಾಕಿ ಹಟಮಾರಿ. ಗುರುಗಳು ಕೆಂಪ್ ಗೀಟ್ ಎಳಿತಾರವಾ ಅಂತ ಎಷ್ಟ್ ಹೇಳಿದ್ರೂ ಕೇಳಂಗಿಲ್ಲ.”

“ನಾ ಅರ್ಧಾ ತಾಸು ಕುಂತು ನೋಡೀನ್ರಿ,” ಎಂದಳು ದಾನಮ್ಮ. “ಕುದಿತೈತಿ, ಕುದಿತೈತಿ, ಮ್ಯಾಲ ಏರಂಗಿಲ್ರಿ. ಏರದ್ದನ್ನ ಏರೈತಿ ಅಂತ ಹೆಂಗ ಬರೀಲಿ?”

ಬಂಧುಗಳೇ, ಆ ಕ್ಷಣದ ನಾಚಿಕೆಯನ್ನು ನಾನು ಮರೆಮಾಚುವುದಿಲ್ಲ. ಇಡೀ ತರಗತಿಯು ತಾನು ಕಂಡುದನ್ನು ಬಿಟ್ಟು ನನಗೆ ಬೇಕಾದುದನ್ನು ಬರೆಯುವುದನ್ನು ಕಲಿತಿತ್ತು. ಗೋಡೆಯಲ್ಲಿ ಎಂದೂ ತಪ್ಪದ ಅಂಕಿಗಳನ್ನು ನೋಡುತ್ತ ಬೆಳೆದ ನಮಗೆ, ಅಳತೆಯೊಂದು ಬೇರೆಯಾಗಿ ಬಂದರೆ ಅದು ನಮ್ಮದೇ ಕೈಯ ದೋಷವೆಂಬ ಭಾವನೆ ಬೇರೂರಿದೆ. ಕಲಿಸಬೇಕಾದ ನಾನೇ ಆ ಬೇರಿಗೆ ನೀರೆರೆದಿದ್ದೆ.

ಇಂದುಧರರು ಒಲೆ ಹೂಡಿಸಿದರು. ತೊಂಬತ್ತೆಂಟು. ಬೇರೊಂದು ಗಡ್ಡಿಯನ್ನು ತರಿಸಿದರು. ತೊಂಬತ್ತೆಂಟು. ಅದೇ ಗಡ್ಡಿಯನ್ನು ಕರಗುವ ಮಂಜುಗಡ್ಡೆಯಲ್ಲಿ ಅದ್ದಿದಾಗ ಸರಿಯಾಗಿ ಸೊನ್ನೆ. ಅವರ ಮುಖದಲ್ಲಿ ಮೊದಲ ಬಾರಿ ಕುತೂಹಲ ಮೂಡಿತು. ಹತ್ತು ದಿನಗಳ ಗಡುವು ಕೊಟ್ಟರು. “ಯಾಕಂತ ಹುಡುಗರೇ ಹುಡಕಲಿ. ಗ್ವಾಡಿಗೆ ಕೇಳೂಹಂಗಿಲ್ಲ. ಸಿಕ್ಕರ ನಿಮ್ಮ ತಾಸು ನಿಮಗ.”

ಮಕ್ಕಳು ನೀರನ್ನು ಸೋಸಿದರು, ಪಾತ್ರೆಯನ್ನು ಬದಲಿಸಿದರು. ಬಾವಿಯ ನೀರಾಯಿತು, ಮಳೆಯ ನೀರಾಯಿತು. ಮೈಬೂಬನು ಒಲೆಗೆ ಬೈದೂ ನೋಡಿದನು. ಅಂಕಿ ಕದಲಲಿಲ್ಲ. ಆರನೆಯ ದಿನ ದಾನಮ್ಮ, ಗಡ್ಡಿ ಮಾಡಿದವರನ್ನೇ ಕೇಳೋಣವೆಂದಳು. ದೂರನುಡಿಯಲ್ಲಿ ದೇವಕಿಯವರು ಸಿಕ್ಕರು. ಕೇಳಿದೊಡನೆ ನಗತೊಡಗಿದರು.

“ಎಂತ ಮಾರಾಯ್ರೆ, ನನ್ನ ಗಡ್ಡಿ ತಪ್ಪು ಅಂತ ಹೆಸ್ರು ಇಡೂದಾ? ಕುದಿಯೂ ನೀರಲ್ಲಿ ಅದ್ದಿ ನೂರರ ಗುರ್ತು ಹಾಕೂದು ನಾನು, ಇಲ್ಲೇ ದಂಡೆ ಮೇಲೆ ಕೂತ್ಕಂಡು. ನಿಮ್ಮೂರು ಕಡಲಿಂದ ಎಷ್ಟು ಎತ್ರ ಉಂಟು, ಅದ್ನ ಹೇಳಿ ಮೊದ್ಲು.”

ದಾನಮ್ಮ ನಕ್ಷೆಯನ್ನು ಬಿಡಿಸಿದಳು. ಆರುನೂರು ಮೀಟರು. ಆಮೇಲೆ, ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆಂದು ಆರನೆಯ ತರಗತಿಯಲ್ಲಿ ಓದಿದ್ದನ್ನು ತಾನೇ ನೆನೆದು, ನೀರಿನ ಮೇಲೆ ಕುಳಿತ ಗಾಳಿಯ ಭಾರ ನಮ್ಮೂರಲ್ಲಿ ಕಡಿಮೆಯಿರಬೇಕು, ಆದ್ದರಿಂದ ನೀರು ಬೇಗ ಬಿಡಿಸಿಕೊಂಡು ಮೇಲೇಳುತ್ತಿರಬೇಕು ಎಂದಳು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನನ್ನ ವೃತ್ತಿಯಲ್ಲಿ ಅಷ್ಟು ಕಷ್ಟಪಟ್ಟು ಬಾಯಿ ಮುಚ್ಚಿಕೊಂಡದ್ದು ಅದೇ ಮೊದಲು.

ಒಂಬತ್ತನೆಯ ದಿನ ಮೂವತ್ತಮೂರು ಮಕ್ಕಳು, ನಾನು, ಇಂದುಧರರು ಗಾಳಿಬಂಡಿಯೇರಿ ಅಂಕೋಲೆಗೆ ಹೋದೆವು. ಅದೇ ಪಾತ್ರೆ, ಅದೇ ಗಡ್ಡಿ. ನಮ್ಮೂರಿನ ಬಾವಿಯ ನೀರನ್ನೂ ಕೊಡದಲ್ಲಿ ಹೊತ್ತು ತರಲು ದಾನಮ್ಮ ಹಟಹಿಡಿದಿದ್ದಳು. ನೀರು ಬೇರೆಯೆಂದು ನಾಳೆ ಯಾರೂ ಅನ್ನಬಾರದಂತೆ. ಮರಳಿನ ಮೇಲೆ ಒಲೆ ಹೂಡಿದೆವು. ದೇವಕಿಯವರು ಸೆರಗು ಬಿಗಿದು ನಿಂತಿದ್ದರು. ಕಡಲನ್ನು ಮೊದಲ ಬಾರಿ ಕಂಡ ಮಕ್ಕಳು ಅದಕ್ಕೆ ಬೆನ್ನು ಹಾಕಿ ಒಂದು ಗಾಜಿನ ಕಡ್ಡಿಯನ್ನು ನೋಡುತ್ತ ಕುಳಿತಿದ್ದರೆಂದರೆ ನೀವು ನಂಬುವಿರಾ? ತೊಂಬತ್ತಾರು. ತೊಂಬತ್ತೇಳು. ತೊಂಬತ್ತೆಂಟಕ್ಕೆ ಬಂದಾಗ ಎಲ್ಲರೂ ಗಡ್ಡಿಯತ್ತ ಬಾಗಿದರು. ಪಾದರಸ ಅಲ್ಲಿ ನಿಲ್ಲಲಿಲ್ಲ. ತೊಂಬತ್ತೊಂಬತ್ತು. ಬಳಿಕ ನೀರು ಕೊತಕೊತನೆ ಕುದಿದು, ಗೆರೆ ನೂರನ್ನು ಮುಟ್ಟಿ ನಿಂತಿತು.

“ಬಂತ್ರೀ! ಬಂತ್ರೀ ಯಪ್ಪಾ!” ಎಂದು ಮೈಬೂಬನು ಬಟ್ಟೆಸಮೇತ ಅಲೆಗೆ ಹಾರಿದನು. ಉಳಿದವರೂ ಅವನ ಹಿಂದೆ ಓಡಿದರು. ಇಂದುಧರರ ಪಾದರಕ್ಷೆಯೊಂದನ್ನು ಕಡಲು ಒಯ್ದಿತು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ದಾನಮ್ಮ ಮಾತ್ರ ಕುಳಿತಲ್ಲೇ ಕುಳಿತು ಎರಡು ಅಂಕಿಗಳನ್ನೂ ಬರೆದಳು, ಎರಡರ ಮುಂದೆಯೂ ಊರಿನ ಹೆಸರನ್ನು ಬರೆದಳು. ಆಮೇಲೆ ಅವಳೂ ನೀರಿಗೆ ಓಡಿದಳು.

ಗೋಡೆಯು ಸುಳ್ಳು ಹೇಳಿರಲಿಲ್ಲವೆಂಬುದನ್ನೂ ನ್ಯಾಯವಾಗಿ ತಿಳಿಸಬೇಕು. ಎತ್ತರದ ಸಂಗತಿ ಅದಕ್ಕೆ ಚೆನ್ನಾಗಿ ಗೊತ್ತಿತ್ತು. ನಾವು ಯಾರೂ ಅದನ್ನು ಕೇಳಿರಲಿಲ್ಲ, ಅಷ್ಟೆ. ಕೇಳಬೇಕೆಂದು ತೋರುವುದಕ್ಕೆ ಒಬ್ಬ ಹುಡುಗಿ ಅರ್ಧ ತಾಸು ಒಲೆಯ ಮುಂದೆ ಕೂರಬೇಕಾಯಿತು. ಇಂದುಧರರು ತಮ್ಮ ವರದಿಯಲ್ಲಿ ಬರೆದುದು ಇದನ್ನೇ. ನಿನ್ನೆ ಸಭೆಯ ಆದೇಶ ಬಂದಿದೆ: ಕೈಪಾಠವು ವಾರಕ್ಕೆ ಎರಡು ಗಂಟೆ, ನಮ್ಮಲ್ಲಿ ಮಾತ್ರವಲ್ಲ, ನಾಡಿನ ಎಲ್ಲ ಶಾಲೆಗಳಲ್ಲಿ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ತರಗತಿಯಲ್ಲಿ ಯಾವುದಾದರೂ ಮಗು ಪುಸ್ತಕಕ್ಕೆ ಹೊಂದದ ಅಂಕಿಯನ್ನು ಬರೆದರೆ, ಹೊಡೆದುಹಾಕುವ ಮೊದಲು ಅದರ ಪಕ್ಕದಲ್ಲಿ ಕುಳಿತು ಇನ್ನೊಮ್ಮೆ ನೀರು ಕಾಯಿಸಿ. ಹತ್ತರಲ್ಲಿ ಒಂಬತ್ತು ಸಲ ಮಗುವೇ ತಪ್ಪಿರುತ್ತದೆ. ಹತ್ತನೆಯದಕ್ಕಾಗಿ ಹತ್ತು ಸಲವೂ ಕುಳಿತುಕೊಳ್ಳಿ.

ಇನ್ನು ಬರೆಯಲು ಬಿಡುವಿಲ್ಲ. ಇಂದು ನಾವು ಮುಳ್ಳಯ್ಯನಗಿರಿಯ ನೆತ್ತಿಗೆ ಹೊರಟಿದ್ದೇವೆ. ಬಂಡಿಯು ಬಾಗಿಲಲ್ಲಿ ನಿಂತಿದೆ, ಮಕ್ಕಳು ಕೂಗುತ್ತಿದ್ದಾರೆ. ಅಲ್ಲಿ ನೀರು ಎಷ್ಟಕ್ಕೆ ಕುದಿಯುವುದೆಂದು ಎಲ್ಲರೂ ಊಹೆ ಬರೆದಿದ್ದಾರೆ. ದಾನಮ್ಮನದು ತೊಂಬತ್ತೈದು. ಬೆಟ್ಟವು ಸೂರ್ಯನಿಗೆ ಹತ್ತಿರವಾದುದರಿಂದ ನೂರೆರಡು ಎಂದು ಮೈಬೂಬನ ವಾದ. ಗೋಡೆಯನ್ನು ಕೇಳಿದರೆ ಈಗಲೇ ತಿಳಿಯುತ್ತದೆ. ನಾನು ಕೇಳಿಲ್ಲ. ಮೂವತ್ತೊಂದು ವರ್ಷಗಳಲ್ಲಿ ಉತ್ತರ ಗೊತ್ತಿಲ್ಲದೆ ಪಾಠಕ್ಕೆ ಹೊರಟಿರುವುದು ಇದೇ ಮೊದಲು. ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿಯಬೇಕೆನಿಸುತ್ತಿದೆ.

ನಿಮ್ಮವನಾದ,
ರಾಚೋಟಯ್ಯ